ದುಂಡಪ್ಪ ಕಟ್ಟಿಸಿಕೊಂಡ ಒಡಪು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಬರೆಯುವುದು ನನಗೆ ಇದೇ ಮೊದಲು. ಮನೆಯ ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಿದ್ದೇನೆ, ಆದರೆ ಕಾಗದದ ಮೇಲೆ ಇಟ್ಟಾಗ ಅದು ನೆಟ್ಟಗೆ ನಿಲ್ಲುತ್ತದೆಯೋ ಇಲ್ಲವೋ ಗೊತ್ತಿಲ್ಲ. ಎಲ್ಲಿಯಾದರೂ ತಿಳಿಯದಂತಾದರೆ ತಪ್ಪು ನನ್ನದು, ಕಥೆಯದಲ್ಲ. ಹಾಗಾಗದಿರಲಿ ಎಂದು ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಗೊತ್ತಿದ್ದವರು ಗೊತ್ತಿಲ್ಲದವರ ಸಲುವಾಗಿ ಸ್ವಲ್ಪ ತಾಳಿಕೊಳ್ಳಬೇಕು.

ಕುಸುಬಿನಾಡು ಎಂದು ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಬಾಳಪ್ಪ ಎಂಬ ಗಾಣಿಗನಿದ್ದ. ಗಾಣಿಗ ಎಂದರೆ ಎಣ್ಣೆ ತೆಗೆಯುವವನು. ದೊಡ್ಡ ಒರಳಿನಲ್ಲಿ ಕುಸುಬಿ ಹಾಕಿ, ಎತ್ತಿಗೆ ಕಣ್ಣು ಕಟ್ಟಿ, ಸುತ್ತಲೂ ತಿರುಗಿಸಿದರೆ ಕಾಳು ಅರೆದು ಎಣ್ಣೆ ಇಳಿಯುತ್ತದೆ. ಎತ್ತಿಗೆ ಕಣ್ಣು ಏಕೆ ಕಟ್ಟುತ್ತಾರೆ ಎಂದರೆ, ತಾನು ಇದ್ದಲ್ಲೇ ಸುತ್ತುತ್ತಿದ್ದೇನೆ ಎಂದು ಅದಕ್ಕೆ ಗೊತ್ತಾಗಬಾರದು. ಎತ್ತು ಯಾವುದೋ ದೂರದ ಊರಿಗೆ ಹೊರಟಿದ್ದೇನೆ ಎಂದುಕೊಂಡು ಸಮಾಧಾನವಾಗಿ ನಡೆಯುತ್ತದೆ.

ಬಾಳಪ್ಪನ ಎತ್ತಿನ ಹೆಸರು ಹೌದಪ್ಪ. ಹೆಜ್ಜೆಗೊಂದು ಸಲ ತಲೆ ಆಡಿಸುತ್ತಿದ್ದುದರಿಂದ ಆ ಹೆಸರು. ಹೌದಪ್ಪನಿಗೆ ವಯಸ್ಸಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ನಡುಗುತ್ತಿದ್ದವು. ಅರ್ಧ ದಿನ ಗಾಣ ಆಡಿದರೆ ಅರ್ಧ ಹೊಟ್ಟೆ ಗಂಜಿ. ಇಡೀ ದಿನ ಆಡಿಸಿದರೆ ಎತ್ತು ಉಳಿಯುವುದಿಲ್ಲ. ಬಾಳಪ್ಪ, ಅವನ ಹೆಂಡತಿ ನೀಲವ್ವ, ಇಬ್ಬರೂ ಅರ್ಧ ಹೊಟ್ಟೆಯನ್ನೇ ಆರಿಸಿಕೊಂಡಿದ್ದರು.

ಬಾಳಪ್ಪನಿಗೆ ಒಂದು ಹುಚ್ಚಿತ್ತು. ಎತ್ತಿನ ಹಿಂದೆ ಸುತ್ತುತ್ತ ಸುತ್ತುತ್ತ ಒಡಪು ಕಟ್ಟುತ್ತಿದ್ದ.

ಒಡಪು ಎಂದರೇನು ಎಂದು ಹೇಳಿಬಿಡುತ್ತೇನೆ. ಆ ನಾಡಿನಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವಂತಿಲ್ಲ. ಆದರೆ ಮದುವೆಯ ದಿನ ಹೇಳಲೇಬೇಕು. ಮದುಮಕ್ಕಳು ಮನೆಯೊಳಗೆ ಕಾಲಿಡುವಾಗ ಹೆಂಗಸರೆಲ್ಲ ಬಾಗಿಲು ತಡೆದು, "ಹೆಸರು ಹೇಳವ್ವಾ, ಆಮ್ಯಾಲ ಒಳಗ ಬಾ" ಎನ್ನುತ್ತಾರೆ. ಆಗ ಮದುಮಗಳು ನಾಲ್ಕು ಸಾಲಿನ ಪದ್ಯ ಕಟ್ಟಿ, ಅದರ ಕೊನೆಯಲ್ಲಿ ಗಂಡನ ಹೆಸರು ಕೂಡಿಸಿ ಹೇಳಬೇಕು. ಅದೇ ಒಡಪು. ಹೇಳಿದರೆ ಬಾಗಿಲು ಬಿಡುತ್ತದೆ. ಹೇಳದಿದ್ದರೆ ಹೊರಗೇ ನಿಲ್ಲಬೇಕು. ಸಂಜೆಯವರೆಗೂ ಅಂಗಳದಲ್ಲಿ ನಿಂತ ಮದುಮಗಳು ಆ ನಾಡಿನಲ್ಲಿ ಊರಿಗೊಬ್ಬಳಿದ್ದಳು. ಮುದುಕಿಯಾದರೂ ಅವಳನ್ನು ಜನ 'ಅಂಗಳದವ್ವ' ಎಂದೇ ಕರೆಯುತ್ತಿದ್ದರು.

ಬಾಳಪ್ಪ ಒಡಪು ಕಟ್ಟುತ್ತಿದ್ದುದು ಯಾರಿಗಾಗಿಯೂ ಅಲ್ಲ. ಸುಮ್ಮನೆ, ತನ್ನ ಖುಷಿಗೆ. ಅವನು ಹಾಡಿಕೊಂಡರೆ ಹೌದಪ್ಪ ತಾಳಕ್ಕೆ ತಲೆ ಆಡಿಸಿ ಹೆಜ್ಜೆ ಹಾಕುತ್ತಿತ್ತು.

ನೀಲವ್ವ ಹೇಳುತ್ತಿದ್ದಳು: "ಅಲ್ರೀ, ಆ ಒಡಪು ಹಿಂಡಿದರ ಒಂದು ಹನಿ ಎಣ್ಣಿನರೆ ಬರತೈತೇನು?"

"ಬರೂದಿಲ್ಲ."

"ಮತ್ತ್ಯಾಕ ಹಿಂಡತೀರಿ?"

"ನಾನೆಲ್ಲಿ ಹಿಂಡತೀನಿ. ಅದs ಸೋರತೈತಿ."

ಹೀಗಿರುವಾಗ ಒಂದು ದಿನ ಓಣಿಯ ಫಕೀರವ್ವ ಎಂಬ ಹುಡುಗಿ ಅಳುತ್ತ ಬಂದಳು. ಅವಳ ಮದುವೆ ಮಾರನೆಯ ದಿನ. ಒಡಪು ಬರುತ್ತಿರಲಿಲ್ಲ. ಅವಳ ಅಕ್ಕನೂ ಅಂಗಳದವ್ವನೇ. ಒಂದೇ ಮನೆಗೆ ಇಬ್ಬರಾದರೆ ಮರ್ಯಾದೆಯ ಗತಿ ಏನು?

ಬಾಳಪ್ಪ ಅವಳನ್ನು ಮೂರು ಮಾತು ಕೇಳಿದ.

"ನಿನ್ನ ಗಂಡ ಆಗಾಂವ ಏನ್ ತಿಂತಾನವ್ವಾ?"

"ರೊಟ್ಟಿಗೆ ಹಚ್ಚಿಕೊಂಡು ಖಾರದ ಹಿಂಡಿ, ಕಾಕಾ. ಕಣ್ಣಾಗ ನೀರು ಬಂದರೂ ಬಿಡೂದಿಲ್ಲಂತ."

"ಎದಕ್ಕ ನಗತಾನ?"

"ಕರು ಜಿಗಿದಾಡಿದರ."

"ಅಂವನ ಕೈ ಏನ್ ಮಾಡತಿರತಾವ?"

"ಹಗ್ಗ ಹೊಸೀತಿರತಾವ."

ಅವನು ಗಾಣದ ಸುತ್ತ ಎತ್ತಿನ ಹಿಂದೆ ಸುತ್ತಿದ. ಹೌದಪ್ಪ ತಲೆ ಆಡಿಸಿತು. ಒಡಪು ಇಳಿಯಿತು:

ಖಾರದ ಹಿಂಡಿ ತಿಂದು ಕಣ್ಣೀರು ಹಾಕ್ತಾರ,
ಕರು ಕುಣಿದರ ಸಾಕು ಕಿಲಕಿಲ ನಗತಾರ,
ಹಗ್ಗ ಹೊಸೆಯೋ ಕೈಯಾಗ ನನ್ನ ಕೈ ಇಟ್ಟೀನಿ,
ಸಿದರಾಮರ ಹೆಸರ ಹೇಳಿ ಹೊಸ್ತಿಲ ದಾಟೀನಿ.

ಇಲ್ಲಿ ಒಂದು ಮಾತು ಗಮನಿಸಬೇಕು. ಬಾಳಪ್ಪ ಒಡಪು ಕಟ್ಟುವ ರೀತಿ ಇದೇ. ಮೂರು ಮಾತು ಕೇಳಬೇಕು, ಎತ್ತಿನ ಹಿಂದೆ ಸುತ್ತಬೇಕು. ಕೇಳದಿದ್ದರೆ ಬರುವುದಿಲ್ಲ, ಕೂತರೆ ಬರುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹೀಗೆ ಮೊದಲೇ ಹೇಳಬಾರದೇನೋ, ಹೇಳಿಬಿಟ್ಟೆ.

ಮದುವೆಯಲ್ಲಿ ಫಕೀರವ್ವ ಒಡಪು ಹೇಳಿದಳು. ಬಾಗಿಲು ತಡೆದ ಹೆಂಗಸರು ನಕ್ಕು ನಕ್ಕು ಬಾಗಿಲು ಬಿಡುವುದನ್ನೇ ಮರೆತರು. ಸಿದರಾಮನ ತಾಯಿ, "ನನ್ನ ಮಗನ್ನ ಎಂದು ನೋಡಿದ್ದೀಯವ್ವಾ ನೀ, ಇಷ್ಟು ಬರೋಬರಿ ಹೇಳಾಕ" ಎಂದಳು.

ಮಾರನೆಯ ದಿನ ಫಕೀರವ್ವನ ತಾಯಿ ಒಂದು ಬುಟ್ಟಿ ಜೋಳ ತಂದಿಟ್ಟಳು. ಬಾಳಪ್ಪ ನಾಚಿಕೊಂಡ.

"ಬ್ಯಾಡ ಬೇ. ನಾ ಆಟಕ್ಕ ಮಾಡಿದ್ದು."

ನೀಲವ್ವ ಒಳಗಿನಿಂದ ಬಂದಳು. "ಆಟಕ್ಕ ಮಾಡಿದ್ದು ಊಟಕ್ಕ ಬಂದರ ಪಾಪ ಏನೂ ಇಲ್ಲ. ಬುಟ್ಟಿ ಇಲ್ಲೆ ಇಡ್ರಿ ಅಕ್ಕಾ."

ಆಮೇಲೆ ಎರಡನೆಯವಳು ಬಂದಳು, ಒಂದು ಹುಂಜ ತಂದಳು. ಮೂರನೆಯವಳು ಬಂದಳು, ಎತ್ತಿಗೆ ಒಂದು ಹೊರೆ ಹಸಿ ಮೇವು ತಂದಳು. ಬಾಳಪ್ಪ ಎಲ್ಲರನ್ನೂ ಮೂರು ಮಾತು ಕೇಳಿದ. ಎಲ್ಲರಿಗೂ ಅವರವರದೇ ಒಡಪು ಕೊಟ್ಟ. ಹೌದಪ್ಪನಿಗೆ ಅರ್ಧ ದಿನ ವಿಶ್ರಾಂತಿ, ಮನೆಯವರಿಗೆ ತುಂಬಿದ ಹೊಟ್ಟೆ.

ಸಿಹಿ ಇದ್ದಲ್ಲಿ ಇರುವೆ ಬರಬೇಕಲ್ಲ. ಬಂತು. ಅದರ ಹೆಸರು ದುಂಡಪ್ಪ.

ದುಂಡಪ್ಪ ಆ ರಾಜ್ಯದ ಸುಂಕದ ಚಾವಡಿಯ ಯಜಮಾನ. ಸುಂಕ ಎಂದರೆ ರಾಜನಿಗೆ ಸಲ್ಲಬೇಕಾದ ಪಾಲು. ರಾಜನಿಗೆ ಎಷ್ಟು ಸಲ್ಲುತ್ತಿತ್ತೋ ಗೊತ್ತಿಲ್ಲ, ದುಂಡಪ್ಪನ ಹೊಟ್ಟೆಯನ್ನು ನೋಡಿದರೆ ಅವನಿಗೆ ಎಷ್ಟು ಸಲ್ಲುತ್ತಿತ್ತು ಎಂದು ಗೊತ್ತಾಗುತ್ತಿತ್ತು. ಓಣಿಗೆ ಮೊದಲು ಹೊಟ್ಟೆ ಬರುತ್ತಿತ್ತು, ಆಮೇಲೆ ಅವನು.

ಮೊದಲನೆಯ ಸಲ ಬಂದ. ಕಟ್ಟೆಯ ಮೇಲೆ ಕೂತ.

"ಏನೋ ಬಾಳ್ಯಾ, ಎಣ್ಣಿಗೆ ಸುಂಕ ಐತಿ, ಎಣ್ಣಿ ತಗದ ಹಿಂಡಿಗೆ ಸುಂಕ ಐತಿ. ಒಡಪಿಗೆ ಯಾಕಿಲ್ಲ?"

"ಅದು ಬರೇ ಮಾತು ಧಣಿ."

"ಮಾತಿಗೆ ಹುಂಜ ಬರತೈತಿ ಅಂದಮ್ಯಾಲೆ ಅದು ಬರೇ ಮಾತಲ್ಲ. ಮೂರರಾಗ ಒಂದು ನಮಗ."

ಜೋಳ, ಹುಂಜ, ಮೇವು, ಮೂರು ಇದ್ದವು. ಮೂರರಲ್ಲಿ ಒಂದು ಎಂದು ಹುಂಜವನ್ನು ಎತ್ತಿಕೊಂಡ.

ನೀಲವ್ವ ಹೇಳಿದಳು: "ಧಣ್ಯಾರ, ಮೇವು ಒಯ್ರಿ. ನಿಮಗೂ ಒಪ್ಪತೈತಿ."

ದುಂಡಪ್ಪನಿಗೆ ಅರ್ಥವಾಗಲಿಲ್ಲ. ಹುಂಜದ ಸದ್ದಿನಲ್ಲಿ ಕೇಳಿಸಲೂ ಇಲ್ಲ.

ಎರಡನೆಯ ಸಲ ಬಂದ. ಈ ಸಲ ಅವನ ಮುಖದಲ್ಲಿ ದೊಡ್ಡ ಯೋಚನೆ ಇತ್ತು.

"ಒಬ್ಬೊಬ್ಬಾಕಿನ್ನ ಕೂಡ್ರಿಸಿಕೊಂಡು ಏನ್ ತಿಂತಾನ, ಏನ್ ಕುಡೀತಾನ ಅಂತ ಕೇಳಕೋತ ಕೂತರ ಯಾವಾಗ ಉದ್ಧಾರ ಆಗ್ತೀ? ಒಂದು ನೂರು ಒಡಪು ತಯಾರ ಮಾಡಿಡು. ಹೆಸರಿನ ಜಾಗ ಬರಿದು ಬಿಡು. ಬಂದವರು ತಮಗ ಬೇಕಾದ ಹೆಸರು ತುಂಬಿಕೊಳ್ಳಲಿ. ಗಡಿಗಿ ಮಾಡೂದು ನಿನ್ನ ಕೆಲಸ. ನೀರು ತುಂಬಿಕೊಳ್ಳೂದು ಅವರ ಕೆಲಸ."

ಬಾಳಪ್ಪ ಪ್ರಯತ್ನ ಪಟ್ಟ. ಯಜಮಾನನ ಮಾತು, ಮೀರುವ ಹಾಗಿಲ್ಲ. ಎತ್ತಿನ ಹಿಂದೆ ಸುತ್ತಿದ. 'ಯಾರೋ ಒಬ್ಬ ಗಂಡ' ಎಂದು ನೆನೆಸಿಕೊಂಡ. ಯಾರೋ ಒಬ್ಬನು ಏನು ತಿನ್ನುತ್ತಾನೆ? ಏನೋ ತಿನ್ನುತ್ತಾನೆ. ಏಕೆ ನಗುತ್ತಾನೆ? ನಗುವುದೇ ಇಲ್ಲ. ಬಾಳಪ್ಪನ ಬಾಯಿಂದ 'ಹಿತ್ತಲಾಗ ಹಾಗಲಬಳ್ಳಿ' ಎಂಬ ಒಂದು ಸಾಲು ಬಂತು. ಅದಕ್ಕೆ ಎರಡನೆಯ ಸಾಲು ಬರಲೇ ಇಲ್ಲ. ಇಷ್ಟು ವರ್ಷ ಗಾಣದ ನೊಗ ಎತ್ತಿನ ಹೆಗಲ ಮೇಲಿತ್ತು. ಈಗ ತನ್ನ ಹೆಗಲ ಮೇಲೆ ಬಂದಂತೆ ಅವನಿಗೆ ಅನ್ನಿಸಿತು.

ರಾತ್ರಿ ಊಟಕ್ಕೆ ಕೂತಾಗ ನೀಲವ್ವ ಕೇಳಿದಳು: "ಯಾಕ್ರೀ, ಸೋರೂದು ನಿಂತಿತೇನು?"

"ನಿಂತಿತು."

"ಹಿಂಡಾಕ ಹತ್ತಿದರ ಹಂಗs" ಎಂದು ಇನ್ನೊಂದು ರೊಟ್ಟಿ ಬಡಿಸಿದಳು.

ಮೂರನೆಯ ಸಲ ದುಂಡಪ್ಪ ಬಂದಾಗ ಒಡಪು ಒಂದೂ ತಯಾರಿರಲಿಲ್ಲ. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗುವುದಕ್ಕೂ ಮೈ ಬಗ್ಗಿಸಬೇಕು. ಊರೂರ ಮದುವೆಗೆ ತನ್ನ ಆಳುಗಳನ್ನು ಕಳಿಸಿ, ಬಾಳಪ್ಪ ಈಗಾಗಲೇ ಕಟ್ಟಿಕೊಟ್ಟ ಒಡಪುಗಳನ್ನು ಬಾಯಿಪಾಠ ಮಾಡಿಸಿದ. ಆಮೇಲೆ ಡಂಗುರ ಹೊಡೆಸಿದ. "ಕೇಳ್ರಪ್ಪೋ ಕೇಳ್ರಿ. ಇನ್ನು ಮ್ಯಾಲೆ ಒಡಪು ಬೇಕಾದವರು ಸುಂಕದ ಚಾವಡಿಗೆ ಬರಬೇಕು. ಎಲ್ಲಾ ಒಡಪು ದುಂಡಪ್ಪ ಧಣ್ಯಾರೇ ಕಟ್ಟಿದ್ದು. ಗಾಣಿಗರ ಬಾಳ್ಯಾ ಬಾಯಿ ಬಿಟ್ಟರ ಗಾಣ ಮುಟ್ಟುಗೋಲು."

ಬಾಳಪ್ಪ ಬಾಯಿ ಮುಚ್ಚಿಕೊಂಡ. ಆಗ ಒಂದು ಹೊಸ ತೊಂದರೆ ಬಂತು. ಒಡಪು ಕೇಳದೆ ಹೌದಪ್ಪ ಹೆಜ್ಜೆ ಎತ್ತಲಿಲ್ಲ. ಇಷ್ಟು ವರ್ಷ ಆ ತಾಳಕ್ಕೆ ನಡೆದ ಎತ್ತು ಅದು. ಬಾಳಪ್ಪ ಬೆನ್ನು ತಟ್ಟಿದ, ಬೇಡಿಕೊಂಡ. ಹೌದಪ್ಪ ತಲೆ ಆಡಿಸುವುದನ್ನೂ ಬಿಟ್ಟು ನಿಂತುಬಿಟ್ಟಿತು. ಗಾಣ ನಿಂತಿತು. ಎಣ್ಣೆಯೂ ಇಲ್ಲ, ಒಡಪೂ ಇಲ್ಲ. ಬುಟ್ಟಿಯ ಜೋಳ ತಳ ಕಂಡಿತು. ಅದು ಮುಗಿದರೆ ಹೌದಪ್ಪನನ್ನು ಮಾರಬೇಕು, ಮುದಿ ಎತ್ತನ್ನು ಕೊಳ್ಳುವವರು ಅದನ್ನು ಕೆಲಸಕ್ಕೆ ಕೊಳ್ಳುವುದಿಲ್ಲ. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಲು ನನಗೆ ಇಷ್ಟವಿಲ್ಲ.

ಚಾವಡಿಯ ಒಡಪಿನ ವ್ಯಾಪಾರ ಮೊದಮೊದಲು ಜೋರಾಗಿಯೇ ನಡೆಯಿತು. ದುಂಡಪ್ಪನಿಗೆ ಎಲ್ಲಕ್ಕಿಂತ ಇಷ್ಟವಾದ ಒಡಪೆಂದರೆ, ಬಾಳಪ್ಪ ಒಬ್ಬ ದಂಡಿನವನ ಮದುವೆಗೆ ಕಟ್ಟಿದ್ದು. ಅದನ್ನೇ ಎಲ್ಲರಿಗೂ ಕೊಟ್ಟ:

ಮಾರುದ್ದ ಮೀಸಿಗಿ ಬೆಣ್ಣಿ ಹಚ್ಚ್ಯಾರ,
ಕುದುರಿ ಏರಿ ಬಂದರ ಮಂದಿ ಬೆಚ್ಚ್ಯಾರ,
ಕತ್ತಿ ಹಿಡಿದ ಕೈಯಾಗ ಕಂಕಣ ಕಟ್ಟ್ಯಾರ,
ಇಂಥವರು ನನ್ನ ಮನಸ ಮುಟ್ಟ್ಯಾರ.

'ಇಂಥವರು' ಎಂಬಲ್ಲಿ ಹೆಸರು ತುಂಬಿಕೊಳ್ಳಬೇಕು. ಒಂದು ಊರಿನಲ್ಲಿ ಒಂದೇ ಮುಹೂರ್ತಕ್ಕೆ ಮೂರು ಮದುವೆ. ಮೂವರು ಮದುವಣಗಿತ್ತಿಯರೂ ಚಾವಡಿಯಿಂದಲೇ ಒಡಪು ತಂದಿದ್ದರು. ಮೊದಲನೆಯವಳು ಹೇಳಿದಳು. ಅವಳ ಗಂಡನ ಮುಖ ಸುಲಿದ ಮೊಟ್ಟೆಯ ಹಾಗೆ, ಒಂದು ಕೂದಲಿಲ್ಲ. ಬಾಗಿಲಲ್ಲಿದ್ದ ಅತ್ತಿಗೆ ಕೇಳಿದಳು: "ಬೆಣ್ಣಿ ಎಲ್ಲೆ ಹಚ್ಚ್ಯಾರವ್ವಾ?" ಎರಡನೆಯವಳು ಹೇಳಿದಳು. ಅವಳ ಗಂಡ ಕುದುರೆ ಕಂಡರೆ ಮರ ಏರುವವನು. "ಮಂದಿ ಬೆಚ್ಚೂದು ಖರೆ, ಎಲ್ಲೆ ಬೀಳತಾನೋ ಅಂತ" ಎಂದರು. ಮೂರನೆಯವಳು ಬಾಯಿ ತೆರೆಯುವ ಮೊದಲೇ ಓಣಿಯ ಮಕ್ಕಳೆಲ್ಲ ಒಟ್ಟಾಗಿ ಅವಳ ಒಡಪನ್ನು ಹೇಳಿ ಮುಗಿಸಿದರು. ಅವಳ ಗಂಡ ಅಡುಗೆಯವನು. ಆ ದಿನದಿಂದ ಅವನ ಸೌಟಿಗೆ ಜನ ಕತ್ತಿ ಎಂದು ಹೆಸರಿಟ್ಟರು.

ಮೂರು ಮನೆಯವರೂ ಚಾವಡಿಗೆ ಹೋಗಿ ಜಗಳ ತೆಗೆದರು. ದುಂಡಪ್ಪ ಹೇಳಿದ: "ಒಡಪು ಸರಿ ಐತಿ. ನಿಮ್ಮ ಅಳಿಯಂದಿರು ಸರಿ ಇಲ್ಲ."

ಆದರೂ ಅವನಿಗೆ ಒಳಗೊಳಗೇ ಹೆದರಿಕೆ ಹುಟ್ಟಿತು. ಗಿರಾಕಿ ಕಡಿಮೆಯಾಗುತ್ತಿದ್ದರು. ಅದೇ ಹೊತ್ತಿಗೆ ಅರಮನೆಯಿಂದ ಕರೆ ಬಂತು. ರಾಜ ಸೋಮಭೂಪನ ಮಗಳು ಪದ್ಮಲೆಗೆ ಮದುವೆ ಗೊತ್ತಾಗಿತ್ತು. ವರ ಅವಳ ಸೋದರತ್ತೆಯ ಮಗ, ವೀರಕೇತು ಎಂಬ ರಾಜಕುಮಾರ.

ರಾಜ ಹೇಳಿದ: "ದುಂಡಪ್ಪನವರೇ, ರಾಜ್ಯದಲ್ಲಿ ಒಡಪು ಕಟ್ಟುವವರು ನೀವೊಬ್ಬರೇ ಅಂತ ಡಂಗುರ ಕೇಳಿದೆ. ನಮ್ಮ ಮಗಳಿಗೂ ಒಂದು ಕಟ್ಟಿಕೊಡಿ. ಚೆನ್ನಾಗಿದ್ದರೆ ಒಡಪಿನ ಹಕ್ಕು ನಿಮ್ಮ ವಂಶಕ್ಕೇ ಬರೆದುಕೊಡುತ್ತೇನೆ."

ವಂಶಕ್ಕೇ ಹಕ್ಕು ಎಂದರೆ ಬಾಳಪ್ಪ ಇನ್ನೆಂದೂ ಬಾಯಿ ತೆರೆಯುವ ಹಾಗಿಲ್ಲ ಎಂದರ್ಥ. ಅವನ ಮಕ್ಕಳೂ ತೆರೆಯುವ ಹಾಗಿಲ್ಲ.

ದುಂಡಪ್ಪ ನೇರ ಬಾಳಪ್ಪನ ಮನೆಗೆ ಬಂದ, ಹಿತ್ತಲ ಬಾಗಿಲಿನಿಂದ. ಆ ಬಾಗಿಲು ಸಣ್ಣದು. ಹೊಟ್ಟೆ ಒಳಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ಬಾಳಪ್ಪಾ," ಎಂದ. ಬಾಳ್ಯಾ ಹೋಗಿ ಬಾಳಪ್ಪ ಆಗಿತ್ತು. "ರಾಜಕುಮಾರಿಗೆ ಒಂದು ಒಡಪು ಬೇಕಾಗೇತಿ. ಇದೊಂದು ಕಟ್ಟಿಕೊಡು. ನಿನ್ನ ಗಾಣಕ್ಕ ಯಾರೂ ಕೈ ಹಚ್ಚೂದಿಲ್ಲ."

ಬಾಳಪ್ಪ ಹೆಂಡತಿಯ ಮುಖ ನೋಡಿದ. ನೀಲವ್ವ ಜೋಳ ಹಸನು ಮಾಡುತ್ತ ತಲೆ ಎತ್ತದೆ ಹೇಳಿದಳು: "ಕಟ್ಟಿಕೊಡ್ರಿ. ಕೇಳೂದು ನೀವು ಕೇಳ್ರಿ, ಹೇಳೂದು ಧಣ್ಯಾರು ಹೇಳಲಿ. ಹಾಕಿದ ಕಾಳು ಯಾವುದೋ, ಎಣ್ಣಿ ಅದs ಬರತೈತಿ."

ಬಾಳಪ್ಪನಿಗೆ ಅರ್ಥವಾಯಿತು. ಮೀಸೆಯ ಒಳಗೆ ನಕ್ಕು ಕೇಳಿದ: "ಧಣಿ, ವರ ಏನು ತಿಂತಾರ್ರಿ?"

ದುಂಡಪ್ಪ ವರನನ್ನು ನೋಡಿರಲಿಲ್ಲ. ರಾಜಕುಮಾರಿಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು, ಅತ್ತೆಯ ಮಗನ ಜೊತೆ ಆಡಿ ಬೆಳೆದವಳು ಅವಳು. ಆದರೆ ಕೇಳಲು ಸೋಮಾರಿತನ. ದೊಡ್ಡ ಮನುಷ್ಯ ಏನು ತಿನ್ನುತ್ತಾನೆ ಎಂದು ಕಣ್ಣು ಮುಚ್ಚಿ ಯೋಚಿಸಿದ. ಅವನಿಗೆ ಗೊತ್ತಿದ್ದ ದೊಡ್ಡ ಮನುಷ್ಯ ಒಬ್ಬನೇ.

"ಹೋಳಿಗಿ. ತುಪ್ಪದಾಗ ಮುಳುಗಿಸಿದ್ದು. ಹನ್ನೆರಡು. ಮಂದಿ ಮನ್ಯಾಗಾದರ ಇನ್ನೂ ಎರಡು."

"ಎದಕ್ಕ ನಗತಾರ್ರಿ?"

"ಯಾರರೆ ಗಂಟು ಬಿಚ್ಚಿ ರೊಕ್ಕ ತಗದರ. ಅದಕ್ಕಿಂತ ಖುಷಿ ಏನೈತೋ ಜಗತ್ತಿನಾಗ."

"ಕೈ ಏನ್ ಮಾಡತಿರತಾವ್ರಿ?"

"ದೊಡ್ಡವರ ಕೈ ಎಲ್ಲಿರತೈತಿ? ಮಂದಿ ಚೀಲದಾಗ."

ನೀಲವ್ವ ಮೊರವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಮೊರ ಅಲುಗಾಡುತ್ತಿತ್ತು.

ಬಾಳಪ್ಪ ಗಾಣದ ಹತ್ತಿರ ಹೋಗಿ ನೊಗ ಹೂಡಿದ. ಎಷ್ಟೋ ದಿನದ ಮೇಲೆ ಬಾಯಿ ತೆರೆದ. ಹೌದಪ್ಪ ಕಿವಿ ನಿಮಿರಿಸಿ, ತಲೆ ಆಡಿಸಿ, ಹೆಜ್ಜೆ ಹಾಕಿತು. ಒಡಪು ಕೊಡ ತುಂಬಿದ ಹಾಗೆ ಬಂತು, ಎರಡು ಸಾಲು ಹೆಚ್ಚೇ ಬಂತು. ದುಂಡಪ್ಪ ಅದನ್ನು ಅಲ್ಲೇ ಬಾಯಿಪಾಠ ಮಾಡಿದ. ಅವನಿಗೆ ಅದು ಬಹಳ ಇಷ್ಟವಾಯಿತು. ಇಷ್ಟು ಒಳ್ಳೆಯ ಗಂಡಸಿನ ಬಗ್ಗೆ ಅವನು ಒಡಪು ಕೇಳಿಯೇ ಇರಲಿಲ್ಲ.

ಮದುವೆಯ ದಿನ ಬಂತು. ಅರಮನೆಯಲ್ಲಿ ಒಂದು ಪದ್ಧತಿ ಇತ್ತು. ರಾಜಕುಮಾರಿ ಹೇಳಬೇಕಾದ ಒಡಪನ್ನು, ತಾಳಿ ಕಟ್ಟುವ ಮೊದಲು, ಕಟ್ಟಿದವನೇ ಸಭೆಯಲ್ಲಿ ಒಮ್ಮೆ ಹೇಳಿ ತೋರಿಸಬೇಕು. ಅದರಲ್ಲಿ ಅಪಶಕುನದ ಮಾತು ಏನಾದರೂ ಇದ್ದರೆ ಮೊದಲೇ ತಿಳಿಯಲಿ ಎಂದು. ಬಾಗಿಲ ಮುಂದೆ ಹೆಂಗಸರು ಸಾಲಾಗಿ ನಿಂತಿದ್ದರು. ಅವರಲ್ಲಿ ದುಂಡಪ್ಪನ ಹೆಂಡತಿ ಬಂಗಾರವ್ವನೂ ಇದ್ದಳು. ಬಾಳಪ್ಪ ಚಪ್ಪರದಲ್ಲಿ ದೀಪಗಳಿಗೆ ಎಣ್ಣೆ ಹಾಕುತ್ತಿದ್ದ. ಮದುವೆಯ ಎಣ್ಣೆ ಅವನದೇ.

ದುಂಡಪ್ಪ ಹೊಸ್ತಿಲ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡು ಹೇಳಿದ:

ತುಪ್ಪದಾಗ ಮುಳುಗಿದ ಹೋಳಿಗಿ ಹನ್ನೆರಡ,
ಮಂದಿ ಮನಿದಾದರ ಇನ್ನೂ ಮತ್ತೆರಡ,
ನಗತಾರ ಬಡವರು ಗಂಟು ಬಿಚ್ಚಿದಾಗ,
ಕೈ ಇರತೈತಿ ಸದಾ ಮಂದಿ ಚೀಲದಾಗ,
ಹೊಟ್ಟಿ ಮೊದಲ ಬಂದು ಆಮ್ಯಾಲ ತಾವು ಬರೋರು,
ವೀರಕೇತುರಾಯರು ನನ್ನ ಕೈ ಹಿಡಿಯೋರು.

ಸಭೆ ಮೊದಲು ವರನನ್ನು ನೋಡಿತು. ವರ ಬೆತ್ತದಂಥ ಹುಡುಗ. ಪೇಟವೇ ಅವನಿಗಿಂತ ಭಾರ. ಆಮೇಲೆ ಸಭೆ ದುಂಡಪ್ಪನ ಹೊಟ್ಟೆಯನ್ನು ನೋಡಿತು. ಆಮೇಲೆ ಅವನ ಕೈಯನ್ನು ನೋಡಿತು. ಆ ಕೈ, ರೂಢಿಯ ಪ್ರಕಾರ, ಪಕ್ಕದಲ್ಲಿ ನಿಂತ ಮಂತ್ರಿಯ ಎಲೆಅಡಿಕೆಯ ಚೀಲದಲ್ಲಿತ್ತು.

ಮೊದಲು ಬಂಗಾರವ್ವ ಮಾತಾಡಿದಳು.

"ಅಯ್ಯ, ಇದು ನಮ್ಮನಿಯವರs ಅಲ್ಲೇನು?"

ಚಪ್ಪರ ನಗೆಯಿಂದ ಅಲ್ಲಾಡಿತು. ಬಂಗಾರವ್ವ ಮಾತ್ರ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮದುವ್ಯಾಗ ನನಗ ಒಡಪು ಬರಲಾರದs ಸಂಜೀತನ ಅಂಗಳದಾಗ ನಿಂತಿದ್ದೆ. ಈಗ ಬಂತು ನೋಡ್ರಿ. ಹೆಸರು ಅಷ್ಟು ಬ್ಯಾರೆ ಐತಿ."

ರಾಜಕುಮಾರಿ ಪದ್ಮಲೆ ತಂದೆಯ ಕಡೆ ತಿರುಗಿದಳು. "ಅಪ್ಪಾಜಿ, ಈ ಒಡಪಿನವರನ್ನ ಮದುವೆ ಆಗಬೇಕಾದರೆ ನನಗೆ ಮದುವೆಯೇ ಬೇಡ."

ವರ ಮೆಲ್ಲಗೆ ಹೇಳಿದ: "ನನಗೆ ತುಪ್ಪ ಒಗ್ಗುವುದಿಲ್ಲ, ಮಾವ."

ರಾಜ ನಗು ತಡೆದುಕೊಂಡು ಕೇಳಿದ: "ಇದನ್ನು ಕಟ್ಟಿದವರು ಯಾರು?"

ದುಂಡಪ್ಪನಿಗೆ ಈಗ ದಾರಿ ಸಿಕ್ಕಿತು. "ಗಾಣಿಗರ ಬಾಳ್ಯಾ, ಮಹಾಪ್ರಭು. ನಾನಲ್ಲವೇ ಅಲ್ಲ. ಎಲ್ಲಾ ಒಡಪೂ ಅಂವನೇ ಕಟ್ಟಿದ್ದು."

ಹೀಗೆ ಸತ್ಯ ಅವನ ಬಾಯಿಂದಲೇ ಹೊರಬಿತ್ತು. ಮಕ್ಕಳು ಗಮನಿಸಬೇಕು, ಯಾರೂ ಅವನನ್ನು ಹೊಡೆಯಲಿಲ್ಲ, ಹೆದರಿಸಲಿಲ್ಲ. ಇಷ್ಟು ದಿನ ನನ್ನದು ನನ್ನದು ಎಂದವನೇ ನನ್ನದಲ್ಲ ಎಂದ.

ಬಾಳಪ್ಪ ಎಣ್ಣೆಯ ತಂಬಿಗೆ ಇಟ್ಟು ಕೈ ಮುಗಿದ. "ಹೌದು ದೊರೆಯೇ. ನಾ ಮೂರು ಮಾತು ಕೇಳಿದೆ, ಧಣ್ಯಾರು ಹೇಳಿದರು. ಕುಸುಬಿ ಹಾಕಿದರ ಕುಸುಬಿ ಎಣ್ಣಿ, ಎಳ್ಳು ಹಾಕಿದರ ಎಳ್ಳೆಣ್ಣಿ. ಅವರು ತಮ್ಮನ್ನs ತಾವು ಹಾಕಿದರು."

"ಮುಹೂರ್ತ ಹತ್ತಿರ ಬಂತು," ಎಂದ ರಾಜ. "ಈಗ ಬೇರೆ ಕಟ್ಟಲು ಆಗುತ್ತದೆಯೇ?"

ಬಾಳಪ್ಪ ರಾಜಕುಮಾರಿಯನ್ನು ಮೂರು ಮಾತು ಕೇಳಿದ. ಅವಳು ನಾಚಿಕೊಂಡು ಹೇಳಿದಳು. ಬೆಳ್ಳಿಯ ತಟ್ಟೆಯಲ್ಲಿ ಏನು ಬಡಿಸಿದರೂ ಅವನು ಚುರುಮುರಿ ಕೇಳುತ್ತಾನೆ. ಚೌಕಾಬಾರ ಆಡಿ ಸೋತರೆ ಗೆದ್ದವರಿಗಿಂತ ಹೆಚ್ಚು ನಗುತ್ತಾನೆ. ಕುದುರೆಯ ಕಾಲಿಗೆ ಮುಳ್ಳು ನೆಟ್ಟರೆ ಆಳನ್ನು ಕರೆಯದೆ ತಾನೇ ಕೀಳುತ್ತಾನೆ.

"ಎಲ್ಲಾ ಸರಿ ಐತಿ ದೊರೆಯೇ," ಎಂದ ಬಾಳಪ್ಪ. "ಆದರ ನನಗ ಎತ್ತಿನ ಹಿಂದ ಸುತ್ತಿದರs ಒಡಪು ಬರೂದು. ನನ್ನ ಎತ್ತು ಮನ್ಯಾಗೈತಿ."

ಮನೆ ದೂರ, ಮುಹೂರ್ತ ಹತ್ತಿರ. ಎಲ್ಲರೂ ಸುತ್ತಮುತ್ತ ನೋಡಿದರು. ಬಂಗಾರವ್ವ ಹೇಳಿದಳು: "ಎತ್ತು ಯಾಕ ಬೇಕ್ರಿ? ನಮ್ಮನಿಯವರು ಸುಮ್ಮನs ನಿಂತಾರಲ್ಲ."

ದುಂಡಪ್ಪನ ಪೇಟ ಬಿಚ್ಚಿ ಅದರಿಂದಲೇ ಅವನ ಕಣ್ಣು ಕಟ್ಟಿದರು. ಸುತ್ತಲು ಬರುವಂತೆ ಚಪ್ಪರದ ನಡುಗಂಬಕ್ಕೆ ಉದ್ದನೆಯ ಹೂವಿನ ಹಗ್ಗದಿಂದ ಕಟ್ಟಿದರು. ಬಾಳಪ್ಪ ಹಿಂದೆ ನಿಂತು ನಾಲಿಗೆಯಿಂದ 'ಚಕ್ ಚಕ್' ಎಂದ.

ಮೊದಲನೆಯ ಸುತ್ತು. ದುಂಡಪ್ಪ, "ಮಹಾಪ್ರಭು, ನನ್ನ ಮಾತು ಸ್ವಲ್ಪ" ಎಂದ.

"ಎತ್ತು ಮಾತಾಡಿದರ ತಾಳ ತಪ್ಪತೈತ್ರಿ" ಎಂದ ಬಾಳಪ್ಪ.

ಎರಡನೆಯ ಸುತ್ತು. ದುಂಡಪ್ಪ, "ಇನ್ನೂ ಎಷ್ಟು ದೂರ ಐತೋ" ಎಂದ. ಬಾಳಪ್ಪ ಮತ್ತೆ 'ಚಕ್ ಚಕ್' ಎಂದ. ಎತ್ತಿಗೆ ದಾರಿ ಹೇಳುವ ಪದ್ಧತಿ ಇಲ್ಲ.

ಮೂರನೆಯ ಸುತ್ತಿಗೆ ದುಂಡಪ್ಪ ಉಸಿರು ಬಿಡುತ್ತ ಹೆಜ್ಜೆಗೊಂದು ಸಲ ತಲೆ ಆಡಿಸತೊಡಗಿದ. ಆಗ ಒಡಪು ಇಳಿಯಿತು. ತಾಳಿ ಕಟ್ಟಿದ ಮೇಲೆ ರಾಜಕುಮಾರಿ ಹೊಸ್ತಿಲ ಹತ್ತಿರ ನಿಂತು, ಆ ನಾಡಿನ ಎಲ್ಲ ಹೆಣ್ಣುಮಕ್ಕಳ ಹಾಗೆ ಆಡುಮಾತಿನಲ್ಲೇ ಹೇಳಿದಳು:

ಬೆಳ್ಳಿ ತಟ್ಟಿ ಮುಂದಿಟ್ಟರ ಚುರುಮುರಿ ಬೇಡ್ಯಾರ,
ಚೌಕಾಬಾರ ಸೋತು ನಕ್ಕೋತ ಓಡ್ಯಾರ,
ಕುದುರಿ ಕಾಲಿನ ಮುಳ್ಳ ಮೆಲ್ಲಕ ಕಿತ್ತಾರ,
ವೀರಕೇತುರಾಯರು ನನಗ ಮನಸ ಇತ್ತಾರ.

ವರನ ಕಿವಿ ಕೆಂಪಾಯಿತು. ಬಾಗಿಲು ಬಿಟ್ಟಿತು.

ರಾಜ ತೀರ್ಪು ಕೊಟ್ಟ. ಒಡಪಿನ ಹಕ್ಕು ಯಾರ ವಂಶಕ್ಕೂ ಇಲ್ಲ, ಕಟ್ಟಬಲ್ಲವರೆಲ್ಲ ಕಟ್ಟಬಹುದು, ಕೊಟ್ಟದ್ದನ್ನು ತೆಗೆದುಕೊಳ್ಳಬಹುದು. ಒಡಪಿಗೆ ಸುಂಕವಿಲ್ಲ. ದುಂಡಪ್ಪ ಎತ್ತಿದ ಹುಂಜಕ್ಕೆ ಬದಲು ಒಂದು ಗೂಡು ಕೋಳಿ ಕೊಡಬೇಕು. ಹುಂಜವನ್ನೇ ಏಕೆ ಕೊಡಬಾರದು ಎಂದರೆ, ಅದು ಆಗಲೇ ಸಾರಾಗಿತ್ತು. ಮತ್ತು ಮಳೆಗಾಲ ಮುಗಿಯುವವರೆಗೆ ದಿನವೂ ಮಧ್ಯಾಹ್ನದ ಮೇಲೆ ಹೌದಪ್ಪನ ಬದಲಿಗೆ ದುಂಡಪ್ಪ ಗಾಣ ತಿರುಗಿಸಬೇಕು. ಹೌದಪ್ಪ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತ ಅವನು ಸುತ್ತುವುದನ್ನು ನೋಡುತ್ತಿತ್ತು. ಬಂಗಾರವ್ವ ಬುತ್ತಿ ತರುತ್ತಿದ್ದಳು. ಬಂದಾಗಲೆಲ್ಲ ಆ ಆರು ಸಾಲನ್ನು ಹೆಸರು ತಿದ್ದಿ ಹೇಳಿಯೇ ಬುತ್ತಿ ಬಿಚ್ಚುತ್ತಿದ್ದಳು. ಬುತ್ತಿಯಲ್ಲಿ ಹೋಳಿಗೆ ಇರುತ್ತಿರಲಿಲ್ಲ.

ಕಥೆ ಇಷ್ಟೇ. ನೀತಿ ಏನೆಂದರೆ, ಇಷ್ಟಪಟ್ಟು ಮಾಡುವ ಕೆಲಸದಿಂದ ಹೊಟ್ಟೆ ತುಂಬಿಸಿಕೊಳ್ಳುವುದು ತಪ್ಪಲ್ಲ. ಇನ್ನೊಬ್ಬರ ಇಷ್ಟವನ್ನು ಕಸಿದುಕೊಂಡು ಹೊಟ್ಟೆ ತುಂಬಿಸಲು ಹೋದರೆ ನೊಗ ನಮ್ಮ ಕೊರಳಿಗೇ ಬರುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಕ್ಕಳು ತಪ್ಪು ತಿಳಿಯಬಾರದು. ಬಾಳಪ್ಪ ಆಮೇಲೆ ಒಡಪನ್ನು ಪುಕ್ಕಟೆ ಕಟ್ಟಿಕೊಟ್ಟನೇ ಎಂದರೆ, ಇಲ್ಲ. ಜೋಳ ತೆಗೆದುಕೊಂಡ, ಮೇವು ತೆಗೆದುಕೊಂಡ. ಆದರೆ ಮೂರು ಮಾತು ಕೇಳುವುದನ್ನು ಬಿಡಲಿಲ್ಲ, ಒಬ್ಬರದನ್ನು ಇನ್ನೊಬ್ಬರಿಗೆ ಕೊಡಲಿಲ್ಲ. ಹಾಗಾಗಿ ಖುಷಿಯೂ ಉಳಿಯಿತು, ಬುಟ್ಟಿಯೂ ತುಂಬಿತು. ಕೆಲವರು ಹೇಳುತ್ತಾರೆ, ನಿಮಗೆ ಹೇಗೂ ಅದು ಇಷ್ಟ ಅಲ್ಲವೇ, ಹಾಗಾದರೆ ಸುಮ್ಮನೆ ಮಾಡಿಕೊಡಿ ಎಂದು. ಅದು ಸರಿಯಲ್ಲ. ಇಷ್ಟದ ಕೆಲಸಕ್ಕೂ ಹೊತ್ತು ಹೋಗುತ್ತದೆ, ಕಾಲು ನೋಯುತ್ತದೆ, ಎತ್ತಿಗೆ ಮೇವು ಬೇಕಾಗುತ್ತದೆ. ಆದ್ದರಿಂದ ಇಷ್ಟದ ಕೆಲಸ ಮಾಡುವವರು ಬಾಯಿ ಬಿಟ್ಟು ಕೇಳುವುದನ್ನು ಕಲಿಯಬೇಕು. ಹೇಗೆ ಕೇಳಬೇಕು ಎಂದರೆ, ಮೊದಲು ನಗುತ್ತ, ಆದರೆ ಗಟ್ಟಿಯಾಗಿ,

ಪಕ್ಕದ ಮನೆಯ ಈರಯ್ಯನವರು ಗೋಡೆಯ ಆಚೆಯಿಂದ ಕೂಗುತ್ತಿದ್ದಾರೆ. ಮಗಳ ಮದುವೆಯ ಆಮಂತ್ರಣಕ್ಕೆ ನಾಲ್ಕು ಸಾಲು ಬರೆದುಕೊಡಬೇಕಂತೆ, ಒಂದು ನಿಮಿಷದ ಕೆಲಸವಂತೆ, ಹೇಗೂ ನನಗೆ ಬರೆಯುವುದೆಂದರೆ ಇಷ್ಟವಂತೆ. ಬಂದೆ ಎಂದುಬಿಟ್ಟೆ. ಹೋಗಿ ಬರುತ್ತೇನೆ.